ಕಂಡದ್ದು ಮತ್ತು ಊಹಿಸಿದ್ದು: ಸುಣ್ಣಕಲ್ಲಿನಲ್ಲಿ ಟ್ರೈಲೋಬೈಟ್ ಪ್ರಭೇದಗಳನ್ನು ಗುರುತಿಸುವ ಕೆಲಸ



ಈ ದತ್ತಿ ಉಪನ್ಯಾಸ ಒಬ್ಬ ಶಾಲಾ ಮೇಷ್ಟ್ರ ನೆನಪಿನಲ್ಲಿದೆ. ಅವರು ತರಗತಿಗೆ ಎಲೆ, ಗರಿ, ಕಲ್ಲು ತಂದಿಟ್ಟು, ಹೆಸರು ಹೇಳುವ ಮೊದಲು ‘ಏನು ಕಾಣ್ತದೆ ಹೇಳು’ ಎಂದು ಮಕ್ಕಳನ್ನು ಕೇಳುತ್ತಿದ್ದರಂತೆ. ಅವರ ಮಗಳು ಫೋನಿನಲ್ಲಿ ಇದನ್ನು ಹೇಳಿದ ಕೂಡಲೇ ಇವತ್ತಿನ ವಿಷಯ ನನ್ನ ಮನಸ್ಸಿನಲ್ಲಿ ನಿಶ್ಚಯವಾಯಿತು. ಅದೇ ಪ್ರಶ್ನೆಯನ್ನು ನನಗೂ ಒಬ್ಬರು ಕೇಳಿದ್ದರು. ಆಗ ನಾನು ಕೊಟ್ಟ ಉತ್ತರ ತಪ್ಪಾಗಿತ್ತು.

ಎಂ.ಎಸ್ಸಿ. ಮೊದಲ ವರ್ಷದ ಪ್ರಾಯೋಗಿಕ ಪರೀಕ್ಷೆ. ನನ್ನ ಮುಂದೆ ಇಟ್ಟಿದ್ದು ಬೂದು ಸುಣ್ಣಕಲ್ಲಿನ ಒಂದು ತುಂಡು, ಅದರಲ್ಲಿ ಅರ್ಧ ಹೂತ ಒಂದು ಟ್ರೈಲೋಬೈಟ್. ಇಂಗ್ಲೆಂಡಿನ ಡಡ್ಲಿ ಊರಿನ ಕ್ಯಾಲಿಮಿನಿ ಎಂದು ನೋಡಿದ ತಕ್ಷಣ ಗುರುತು ಹತ್ತಿತು. ಖುಷಿಯಿಂದ ಚಿತ್ರ ಬರೆದು, ನಡುಭಾಗಕ್ಕೆ 13 ಖಂಡಗಳನ್ನು ಹಾಕಿ, ಭಾಗಗಳ ಹೆಸರು ಬರೆದು ಕೊಟ್ಟೆ. ಮೇಷ್ಟ್ರು ಸೂಜಿಯ ತುದಿಯಿಂದ ಕಲ್ಲಿನ ಮೇಲೆ ಒಂದೊಂದೇ ಖಂಡ ಮುಟ್ಟುತ್ತ ಎಣಿಸಿದರು. ಹನ್ನೊಂದಕ್ಕೆ ನಿಂತಿತು. ಉಳಿದದ್ದು ಕಲ್ಲಿನೊಳಗಿತ್ತು.

‘ಇನ್ನೆರಡು ಎಲ್ಲಿಂದ ತಂದೆಯಪ್ಪಾ?’

‘ಪುಸ್ತಕದಲ್ಲಿ ಹದಿಮೂರು ಅಂತ ಇದೆ ಸಾರ್.’

‘ಪುಸ್ತಕದ ಪ್ರಾಣಿ ಬರಿ ಅಂತ ನಾನೆಲ್ಲಿ ಕೇಳಿದೆ? ಈ ಕಲ್ಲಿನಲ್ಲಿರೋದನ್ನ ಬರಿ. ಕಾಣದೆ ಇರೋದನ್ನ ಕಾಣಲ್ಲ ಅಂತ ಬರಿ.’

ನನ್ನ ಗುರುತು ಸರಿಯಾಗಿಯೇ ಇತ್ತು. ಆ ಪ್ರಾಣಿಗೆ ನಿಜಕ್ಕೂ 13 ಖಂಡಗಳೇ. ಆದರೂ ಅಂಕ ಹೋಯಿತು, ಹೋಗಬೇಕಾದದ್ದೇ. ಕಂಡದ್ದು ಎಷ್ಟು, ತಿಳಿದದ್ದರಿಂದ ತುಂಬಿಸಿಕೊಂಡದ್ದು ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆಯುವುದು ನಮ್ಮ ಪಳೆಯುಳಿಕೆ ಶಾಸ್ತ್ರದ ಅತ್ಯಂತ ಕಷ್ಟದ ಕೆಲಸ ಎಂಬುದು ಅದಾದ ಮೇಲೆ ನನಗೆ ನಿಧಾನವಾಗಿ ಅರ್ಥವಾಯಿತು. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಸಭೆಯಲ್ಲಿ ಬೇರೆ ಶಾಸ್ತ್ರದವರೂ ಇದ್ದೀರಿ. ಆದ್ದರಿಂದ ಪ್ರಾಣಿಯ ಪರಿಚಯವನ್ನು ಚುಟುಕಾಗಿ ಹೇಳುತ್ತೇನೆ. ಟ್ರೈಲೋಬೈಟ್‌ಗಳು ಏಡಿ, ಸಿಗಡಿ, ಚೇಳು, ಜರಿಗಳ ದೊಡ್ಡ ಬಳಗಕ್ಕೆ ಸೇರಿದ ಕಡಲಜೀವಿಗಳು. ಸುಮಾರು 52 ಕೋಟಿ ವರ್ಷಗಳ ಹಿಂದಿನ ಕಲ್ಲುಗಳಲ್ಲಿ ಮೊದಲು ಕಾಣಿಸಿಕೊಂಡು, ಸುಮಾರು 25 ಕೋಟಿ ವರ್ಷಗಳ ಹಿಂದೆ ಪೂರ್ತಿ ಅಳಿದುಹೋದವು. ಈವರೆಗೆ ವರ್ಣಿಸಿ ಹೆಸರಿಟ್ಟ ಪ್ರಭೇದಗಳು 20,000ಕ್ಕೂ ಹೆಚ್ಚು. ಹೆಸರಿನಲ್ಲಿರುವ ‘ಮೂರು ಹಾಲೆ’ ಎಂದರೆ ತಲೆ, ನಡು, ಬಾಲ ಎಂದು ಬಹಳ ಜನ ತಿಳಿಯುತ್ತಾರೆ. ಅದು ಹಾಗಲ್ಲ. ಉದ್ದಕ್ಕೆ ಬೆನ್ನಿನ ನಡುವೆ ಒಂದು ಉಬ್ಬು ಏಣು, ಅದರ ಎಡಬಲಕ್ಕೆ ಒಂದೊಂದು ಚಪ್ಪಟೆ ಪಕ್ಕೆ: ಇವೇ ಆ ಮೂರು. 1771ರಲ್ಲಿ ವಾಲ್ಖ್ ಎಂಬ ಜರ್ಮನ್ ವಿದ್ವಾಂಸ ಈ ಹೆಸರನ್ನು ಬಳಕೆಗೆ ತಂದ. ಬೆನ್ನಿನ ಚಿಪ್ಪು ಕ್ಯಾಲ್ಸೈಟ್ ಖನಿಜದ್ದು, ಕಣ್ಣಿನ ಮಸೂರಗಳೂ ಕ್ಯಾಲ್ಸೈಟ್‌ನವೇ. ಸುಣ್ಣಕಲ್ಲು ಕೂಡ ಬಹುಪಾಲು ಕ್ಯಾಲ್ಸೈಟೇ. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಅದೇ ನಮ್ಮನ್ನು ಕಾಡುತ್ತದೆ.

ಇಂಥ ಉಪನ್ಯಾಸಗಳಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ನಮ್ಮ ಶಹಾಬಾದ್ ಕಲ್ಲಿನಲ್ಲಿ ಸಿಗುತ್ತದೆಯೇ?’ ಸಿಗುವುದಿಲ್ಲ. ನಿಮ್ಮಲ್ಲಿ ಹಲವರ ಮನೆಯ ನೆಲಕ್ಕೆ ಹಾಸಿರುವ ಆ ಕಲ್ಲು ಒಳ್ಳೆಯ ಸುಣ್ಣಕಲ್ಲೇ. ವಾಡಿಯ ಸಿಮೆಂಟಿಗೂ ಆ ಸೀಮೆಯ ಕಲ್ಲೇ ಆಧಾರ. ಆದರೆ ಭೀಮಾ ತೀರದ ಆ ಪದರಗಳೂ ಬಾಗಲಕೋಟೆಯ ಕಡೆಯ ಕಲಾದಗಿ ಪದರಗಳೂ ಟ್ರೈಲೋಬೈಟ್‌ಗಳು ಹುಟ್ಟುವ ಮೊದಲೇ ಕಲ್ಲಾದವು. ಕಲಾದಗಿಯ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮಾಟೊಲೈಟ್‌ಗಳಿವೆ, ಅವೂ ನೋಡಬೇಕಾದವೇ. ಟ್ರೈಲೋಬೈಟ್ ಬೇಕೆಂದರೆ ನಮ್ಮ ದೇಶದಲ್ಲಿ ಹಿಮಾಲಯಕ್ಕೇ ಹೋಗಬೇಕು. ಅಲ್ಲಿಗೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಒಂದು ಮೀನಿನ ಕತೆ. 1698ರಲ್ಲಿ ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ವಸ್ತುಸಂಗ್ರಹಾಲಯದ ಪಾಲಕ ಎಡ್ವರ್ಡ್ ಲುಯಿಡ್, ವೇಲ್ಸ್‌ನ ಲಾನ್‌ಡೈಲೋ ಬಳಿ ಸಿಕ್ಕ ಒಂದು ಪಳೆಯುಳಿಕೆಯ ಚಿತ್ರವನ್ನು ಬಿಡಿಸಿ, ಅದು ಯಾವುದೋ ಚಪ್ಪಟೆ ಮೀನಿನ ಅಸ್ಥಿಪಂಜರ ಎಂದು ಬರೆದ. ಅದು ಮೀನಲ್ಲ, ಟ್ರೈಲೋಬೈಟ್. ಅದು ಯಾವ ಟ್ರೈಲೋಬೈಟ್ ಎಂಬುದನ್ನು ಇವತ್ತು ಆ ಚಿತ್ರ ನೋಡಿಯೇ ಹೇಳುತ್ತೇವೆ: ಓಜೈಜಿಯೋಕರೆಲ್ಲ ಡೆಬುಖೈ. ಲುಯಿಡ್‌ನ ಊಹೆ ಸಂಪೂರ್ಣ ತಪ್ಪಾಗಿತ್ತು, ಅವನು ಕಂಡದ್ದು ಸರಿಯಾಗಿತ್ತು. ತನ್ನ ಊಹೆಗೆ ಹೊಂದಲಿ ಎಂದು ಅವನು ಚಿತ್ರಕ್ಕೆ ಈಜುರೆಕ್ಕೆ ಸೇರಿಸಲಿಲ್ಲ. ಆದ್ದರಿಂದ 300 ವರ್ಷ ಕಳೆದರೂ ಆ ಚಿತ್ರ ಕೆಲಸಕ್ಕೆ ಬರುತ್ತದೆ. ನನ್ನ ಪರೀಕ್ಷೆಯ ಹಾಳೆಯಲ್ಲಿ ಆಗಿದ್ದು ಇದಕ್ಕೆ ನೇರ ವಿರುದ್ಧ.

ನಾನು ಚಿತ್ರ ಬರೆದ ಡಡ್ಲಿಯ ಪ್ರಾಣಿಗೂ ಅಂಥದ್ದೇ ಹಳೆಯ ಚರಿತ್ರೆಯಿದೆ. ಡಡ್ಲಿಯಲ್ಲಿ ಕಬ್ಬಿಣದ ಕುಲುಮೆಗಳಿಗೆ ಬೇಕಾದ ಸುಣ್ಣಕಲ್ಲನ್ನು ಬೆಟ್ಟ ಕೊರೆದು ತೆಗೆಯುತ್ತಿದ್ದರು. ಕೆಲಸಗಾರರಿಗೆ ಅದರಲ್ಲಿ ಈ ಪ್ರಾಣಿ ಮತ್ತೆ ಮತ್ತೆ ಸಿಗುತ್ತಿತ್ತು, ಕೆಲವು ಸಲ ಸುರುಳಿ ಸುತ್ತಿಕೊಂಡ ಸಹಸ್ರಪದಿಯಂತೆ ಉಂಡೆಯಾಗಿ. ಜನ ಅದನ್ನು ‘ಡಡ್ಲಿಯ ಮಿಡತೆ’ ಎಂದು ಕರೆದರು. 1750ರ ಹೊತ್ತಿಗೆ ಚಾರ್ಲ್ಸ್ ಲಿಟಲ್‌ಟನ್ ಅದರ ವಿಷಯವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಗಮನಕ್ಕೆ ತಂದ. 1822ರಲ್ಲಿ ಫ್ರಾನ್ಸಿನ ಬ್ರೊಂಗ್ನಿಯಾರ್ತ್‌ನ ಗ್ರಂಥದಲ್ಲಿ ಅದು ಕ್ಯಾಲಿಮಿನಿ ಬ್ಲೂಮೆನ್‌ಬಾಖೈ ಆಯಿತು. ಡಡ್ಲಿ ಪಟ್ಟಣದ ಲಾಂಛನದಲ್ಲೂ ಅದಕ್ಕೆ ಸ್ಥಾನ ಸಿಕ್ಕಿತು. ಆ ಬೆಟ್ಟ, ರೆನ್ಸ್ ನೆಸ್ಟ್, 1956ರಿಂದ ರಾಷ್ಟ್ರೀಯ ನಿಸರ್ಗಧಾಮವಾಗಿದೆ.

ಇನ್ನು ಸುಣ್ಣಕಲ್ಲಿಗೆ ಬರೋಣ. ಜೇಡಿಕಲ್ಲಿನಲ್ಲಿ ಸಿಗುವ ಟ್ರೈಲೋಬೈಟ್ ಹೆಚ್ಚಾಗಿ ಹಪ್ಪಳದಂತೆ ಚಪ್ಪಟೆಯಾಗಿರುತ್ತದೆ. ಮೇಲಿನ ಪದರಗಳ ಭಾರಕ್ಕೆ ಕೆಸರು ನೀರು ಬಿಟ್ಟು ಕುಗ್ಗುವಾಗ ಚಿಪ್ಪೂ ಅದರೊಂದಿಗೆ ಅಪ್ಪಚ್ಚಿಯಾಗಿರುತ್ತದೆ. ಸುಣ್ಣದ ಕೆಸರು ಹಾಗಲ್ಲ. ಅನೇಕ ಕಡೆ ಅದು ಬೇಗನೆ ಗಟ್ಟಿಯಾಗಿ, ಚಿಪ್ಪಿನ ಉಬ್ಬುತಗ್ಗುಗಳನ್ನು ಹಾಗೆಯೇ ಉಳಿಸುತ್ತದೆ. ತಲೆಯ ಮೇಲಿನ ಉಬ್ಬು ಎಷ್ಟು ಎತ್ತರವಿತ್ತು, ಕೆನ್ನೆ ಎಷ್ಟು ಕಡಿದಾಗಿ ಇಳಿಯಿತು ಎಂಬುದನ್ನು ಸುಣ್ಣಕಲ್ಲಿನ ಮಾದರಿಯಲ್ಲಿ ಅಳೆಯಬಹುದು. ಪ್ರಭೇದವನ್ನು ಗುರುತಿಸುವವನಿಗೆ ಇದಕ್ಕಿಂತ ದೊಡ್ಡ ಭಾಗ್ಯವಿಲ್ಲ.

ತೊಡಕೂ ಅಲ್ಲೇ ಇದೆ. ಪ್ರಾಣಿ ಬೆಳೆಯುವಾಗ ಮತ್ತೆ ಮತ್ತೆ ಚಿಪ್ಪು ಕಳಚುತ್ತಿತ್ತು. ತಲೆಯ ಮೇಲೆ ಅದಕ್ಕೆಂದೇ ಎರಡು ಹೊಲಿಗೆಗಳಿದ್ದವು. ಆ ಗೆರೆಗಳಲ್ಲಿ ತಲೆಚಿಪ್ಪು ಬಿರಿದು, ಎರಡು ಕೆನ್ನೆಗಳು ಬಿಡಿಯಾಗಿ ಉದುರುತ್ತಿದ್ದವು. ಮೇಲಾಗಿ, ಸುಣ್ಣಕಲ್ಲು ಕೂಡಿದ್ದು ಹೆಚ್ಚಾಗಿ ಅಲೆಯಾಡುವ, ಆಳವಿಲ್ಲದ ಕಡಲಿನಲ್ಲಿ. ಕಳಚಿದ ಚಿಪ್ಪಿನ ತುಂಡುಗಳನ್ನು ನೀರು ಅತ್ತಿತ್ತ ಒಯ್ದು ಗುಡಿಸಿಟ್ಟಿರುತ್ತದೆ. ಸುತ್ತಿಗೆ ಹಾಕಿ ಕಲ್ಲು ಒಡೆದಾಗ ನಿಮಗೆ ಸಿಗುವುದು ಇಡೀ ಪ್ರಾಣಿಯಲ್ಲ. ಇಲ್ಲೊಂದು ತಲೆಯ ನಡುಭಾಗ, ಅಲ್ಲೊಂದು ಬಾಲ, ಮತ್ತೆಲ್ಲೋ ಒಂದು ಕೆನ್ನೆ. ಒಂದೇ ಪದರದಲ್ಲಿ ಐದಾರು ಪ್ರಭೇದಗಳು ಸೇರಿರುವುದು ಸಾಮಾನ್ಯ. ಯಾವ ತಲೆಗೆ ಯಾವ ಬಾಲ? ನನ್ನ ಅನುಭವದಲ್ಲಿ ಇಡೀ ಕೆಲಸದ ಅರ್ಧ ಆಯುಷ್ಯ ಈ ಪ್ರಶ್ನೆಗೇ ಹೋಗುತ್ತದೆ.

ಇದಕ್ಕೆ ಯಾವ ಸೂತ್ರವೂ ಇಲ್ಲ. ಇರುವುದು ಸಾಕ್ಷ್ಯಗಳನ್ನು ಕೂಡಿಸುವ ದಾರಿ ಮಾತ್ರ. ಮೊದಲು ಎಣಿಕೆ: ಈ ಪದರದಲ್ಲಿ ಯಾವ ತಲೆ ಹೆಚ್ಚು, ಯಾವ ಬಾಲ ಹೆಚ್ಚು? ಬೇರೆ ಪದರದಲ್ಲೂ ಆ ಎರಡು ಜೊತೆಯಾಗಿಯೇ ಬರುತ್ತವೆಯೇ, ಜೊತೆಯಾಗಿಯೇ ಇಲ್ಲವಾಗುತ್ತವೆಯೇ? ಆಮೇಲೆ ಅಳತೆ: ಬಾಲದ ಅಗಲ ಆ ತಲೆಯ ಅಗಲಕ್ಕೆ ಒಪ್ಪುತ್ತದೆಯೇ? ಆಮೇಲೆ ಮೈಯ ಕುಸುರಿ. ತಲೆಯ ಮೇಲೆ ಒರಟು ಹರಳುಗಳಿದ್ದು ಬಾಲ ನುಣುಪಾಗಿದ್ದರೆ ಅನುಮಾನ ಪಡಬೇಕು. ಕೊನೆಗೆ, ಹತ್ತಿರದ ಸಂಬಂಧಿಯೊಂದು ಎಲ್ಲಾದರೂ ಇಡಿಯಾಗಿ ಸಿಕ್ಕಿದ್ದರೆ ಅದನ್ನು ನೋಡಬೇಕು. ಇಷ್ಟೆಲ್ಲ ಆದ ಮೇಲೂ ಬರೆಯುವಾಗ ‘ಈ ಬಾಲವನ್ನು ಈ ತಲೆಗೆ ಸೇರಿಸಿದ್ದೇನೆ, ಸೇರಿಸಿದ್ದಕ್ಕೆ ಕಾರಣ ಇದು’ ಎಂದೇ ಬರೆಯಬೇಕು. ‘ಬಾಲ ಹೀಗಿದೆ’ ಎಂದು ನೇರವಾಗಿ ಬರೆದುಬಿಟ್ಟರೆ, 50 ವರ್ಷದ ನಂತರ ಓದುವವನಿಗೆ ನೀವು ಕಂಡದ್ದು ಯಾವುದು, ಕೂಡಿಸಿದ್ದು ಯಾವುದು ಎಂದು ತಿಳಿಯಲು ದಾರಿಯೇ ಇರುವುದಿಲ್ಲ.

ಒಳಗೂ ಹೊರಗೂ ಬೇರೆ ಕಾಣುವುದು ಇನ್ನೊಂದು ಬಲೆ. ಸುಣ್ಣಕಲ್ಲು ಒಡೆದಾಗ ಚಿಪ್ಪು ಎಷ್ಟೋ ಸಲ ಎದುರು ತುಂಡಿಗೆ ಅಂಟಿಕೊಂಡು ಹೋಗುತ್ತದೆ. ನಿಮ್ಮ ಕೈಯಲ್ಲಿ ಉಳಿಯುವುದು ಚಿಪ್ಪಿನ ಒಳಮೈಗೆ ಕೆಸರು ತುಂಬಿ ಆದ ಅಚ್ಚು. ಹೊರಮೈಯ ಸಣ್ಣ ಹರಳುಗಳು, ಸೂಜಿಮೊನೆಯಂಥ ಗುಳಿಗಳು ಅಚ್ಚಿನಲ್ಲಿ ಕಾಣುವುದಿಲ್ಲ. ಹೊರಗೆ ಮಸುಕಾಗಿದ್ದ ಗೀರುಗಳು ಒಳಗೆ ಆಳವಾಗಿ ಕಾಣುತ್ತವೆ. ಹೀಗಾಗಿ ಒಂದೇ ಪ್ರಾಣಿಯ ಒಳಮೈಯನ್ನೂ ಹೊರಮೈಯನ್ನೂ ಎರಡು ಪ್ರಭೇದಗಳೆಂದು ತಿಳಿಯುವ ಅಪಾಯವಿದೆ. ಎದುರು ತುಂಡನ್ನು ಎಸೆಯಬೇಡಿ ಎಂದು ನಾನು ವಿದ್ಯಾರ್ಥಿಗಳಿಗೆ ಪದೇ ಪದೇ ಹೇಳುವುದು ಇದಕ್ಕೇ. ಅದರಲ್ಲಿ ರಬ್ಬರ್ ಹಾಲು ಎರೆದು ಎತ್ತಿದರೆ ಹೊರಮೈ ಪೂರ್ತಿ ಕೈಗೆ ಬರುತ್ತದೆ.

ಆಮ್ಲ ಹಾಕಿ ಸುಣ್ಣಕಲ್ಲನ್ನು ಕರಗಿಸಬಾರದೇ? ಕಲ್ಲೂ ಕ್ಯಾಲ್ಸೈಟ್, ಚಿಪ್ಪೂ ಕ್ಯಾಲ್ಸೈಟ್. ಎರಡೂ ಕರಗಿಹೋಗುತ್ತವೆ. ಕೆಲವೇ ಕಡೆ ನಿಸರ್ಗವೇ ಚಿಪ್ಪನ್ನು ಸಿಲಿಕಾ ಆಗಿ ಮಾರ್ಪಡಿಸಿದೆ. ಅಮೆರಿಕದ ವರ್ಜೀನಿಯಾದ ಆರ್ಡೊವಿಶಿಯನ್ ಕಾಲದ ಸುಣ್ಣಕಲ್ಲು ಅಂಥದ್ದು. ಅದರ ಗಟ್ಟಿಗಳನ್ನು ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಇಟ್ಟರೆ ಕಲ್ಲೆಲ್ಲ ಕರಗಿ, ತಳದಲ್ಲಿ ಸಿಲಿಕಾದ ಚಿಪ್ಪುಗಳು ಉಳಿಯುತ್ತವೆ: ಮುಳ್ಳಿಗೆ ಮುಳ್ಳು, ಒಳಮೈ ಹೊರಮೈ ಎರಡೂ, ಒಂದು ಮಿಲಿಮೀಟರ್‌ಗಿಂತ ಚಿಕ್ಕ ಮರಿಗಳ ಸಮೇತ. ಹ್ಯಾರಿ ವಿಟಿಂಗ್ಟನ್ ಮತ್ತು ವಿಲಿಯಂ ಎವಿಟ್ 1954ರಲ್ಲಿ ಪ್ರಕಟಿಸಿದ ಗ್ರಂಥದ ಚಿತ್ರಪುಟಗಳನ್ನು ನಾನು ಮೊದಲ ಸಲ ನೋಡಿದಾಗ ಗ್ರಂಥಾಲಯದಲ್ಲಿ ಬಹಳ ಹೊತ್ತು ಎದ್ದೇಳಲಾಗಲಿಲ್ಲ. ಅಂಥ ಕಲ್ಲು ಎಲ್ಲೆಡೆ ಸಿಗುವುದಿಲ್ಲ. ಉಳಿದವರಿಗೆ ಸೂಕ್ಷ್ಮದರ್ಶಕದ ಕೆಳಗೆ ಸೂಜಿ, ಗಾಳಿಯೊತ್ತಡದಿಂದ ಕಂಪಿಸುವ ಪುಟ್ಟ ಉಳಿ, ಮತ್ತು ತಾಳ್ಮೆ. ಒಂದು ತಲೆಯನ್ನು ಬಿಡಿಸಲು ವಾರವೇ ಹಿಡಿಯಬಹುದು. ನನ್ನ ಕೈಯಲ್ಲಿ ಮುರಿದ ಕೆನ್ನೆಮುಳ್ಳುಗಳ ಲೆಕ್ಕ ನನಗೆ ಗೊತ್ತಿದೆ, ಪ್ರತಿಯೊಂದರ ದುಃಖವೂ ನೆನಪಿದೆ.

ಬಿಡಿಸಿದ ಮೇಲೆ ಫೋಟೊ. ಕಲ್ಲಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಕಪ್ಪು ಕಲೆಯನ್ನು ಗುಳಿ ಎಂದೂ ಬಿಳಿ ಗೆರೆಯನ್ನು ಏಣು ಎಂದೂ ತಿಳಿಯುತ್ತೇವೆ. ಆದ್ದರಿಂದ ಮೊದಲು ಮಾದರಿಗೆ ತೆಳುವಾಗಿ ಕಪ್ಪು ಬಳಿಯುತ್ತಾರೆ. ಆಮೇಲೆ ಮೆಗ್ನೀಸಿಯಂ ಪಟ್ಟಿ ಉರಿಸಿ ಆ ಹೊಗೆಯನ್ನೋ, ಅಮೋನಿಯಂ ಕ್ಲೋರೈಡ್ ಕಾಯಿಸಿ ಅದರ ಆವಿಯನ್ನೋ ಹಿಡಿದು, ಮುಂಜಾವಿನ ಮಂಜಿನಷ್ಟು ತೆಳ್ಳಗೆ ಬಿಳಿ ಲೇಪಿಸುತ್ತಾರೆ. ಬಣ್ಣ ಮಾಯವಾಗಿ ಆಕಾರ ಮಾತ್ರ ಉಳಿಯುತ್ತದೆ. ಬೆಳಕು ಎಡಮೇಲಿನಿಂದ ಬೀಳಬೇಕು ಎಂಬುದು ಎಲ್ಲರೂ ಪಾಲಿಸುವ ರೂಢಿ. ಹಾಗೆ ಪಾಲಿಸದಿದ್ದರೆ ಉಬ್ಬು ತಗ್ಗಾಗಿ ಕಾಣುತ್ತದೆ.

ಈಗ ಬೊಹೀಮಿಯಾಕ್ಕೆ, ಅಂದರೆ ಇಂದಿನ ಚೆಕ್ ದೇಶಕ್ಕೆ ಹೋಗೋಣ. ಈ ಉಪನ್ಯಾಸದಲ್ಲಿ ಒಬ್ಬನ ಬಗ್ಗೆ ಮಾತ್ರ ವಿಸ್ತಾರವಾಗಿ ಮಾತಾಡಬಹುದು ಎಂದರೆ ನಾನು ಜೋವಾಕಿಮ್ ಬಾರಾಂಡ್‌ನನ್ನು ಆರಿಸುತ್ತೇನೆ. 1799ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಅವನು ಸೇತುವೆ, ರಸ್ತೆ ಕಟ್ಟುವ ಎಂಜಿನಿಯರ್. ಫ್ರೆಂಚ್ ದೊರೆ ಹತ್ತನೆಯ ಚಾರ್ಲ್ಸ್‌ನ ಮೊಮ್ಮಗನಿಗೆ ಮನೆಮೇಷ್ಟ್ರಾಗಿದ್ದ. 1830ರ ಕ್ರಾಂತಿಯಲ್ಲಿ ದೊರೆ ಸಿಂಹಾಸನ ಕಳೆದುಕೊಂಡು ದೇಶ ಬಿಟ್ಟಾಗ ಮೇಷ್ಟ್ರೂ ಜೊತೆಗೇ ಹೊರಟ, ಕೊನೆಗೆ ಪ್ರಾಗ್ ಸೇರಿದ. ಅಲ್ಲಿ ಕುದುರೆ ಎಳೆಯುವ ರೈಲಿನ ಹಳಿಗಾಗಿ ಸರ್ವೆ ಮಾಡುವಾಗ ಅವನ ಕಣ್ಣಿಗೆ ಟ್ರೈಲೋಬೈಟ್‌ಗಳು ಬಿದ್ದವು. ಉಳಿದ ಬದುಕನ್ನೆಲ್ಲ ಅವನು ಪ್ರಾಗ್ ಸುತ್ತಮುತ್ತಲ ಆ ಕಲ್ಲಿಗೇ ಕೊಟ್ಟ. ಸ್ವಂತ ಖರ್ಚಿನಲ್ಲಿ ಗುಂಡಿ ತೋಡಿಸಿದ, ಕೂಲಿಯವರನ್ನು ಇಟ್ಟು ಕಲ್ಲು ಒಡೆಸಿದ, ಅವರೊಂದಿಗೆ ಮಾತಾಡಲು ಚೆಕ್ ನುಡಿ ಕಲಿತ. ಮುಂದೆ ಕಪ್ಪೆಚಿಪ್ಪುಗಳಿಗೆ ಹೆಸರಿಡುವಾಗ ಲ್ಯಾಟಿನ್, ಗ್ರೀಕ್ ಬಿಟ್ಟು ಪನೆಂಕಾ, ಬಬಿಂಕಾ ಎಂಬ ಚೆಕ್ ಮಾತುಗಳನ್ನೇ ಜಾತಿಯ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನ, ಹೆಸರಾಗಿ ಇಟ್ಟ. ಶಾಸ್ತ್ರದ ನಾಮಾವಳಿಯಲ್ಲಿ ಕಲ್ಲು ಒಡೆದವರ ಮನೆಮಾತು ಹಾಗೆ ಸೇರಿಕೊಂಡಿತು. ನನಗೆ ಬಾರಾಂಡ್ ಅತ್ಯಂತ ಆಪ್ತನಾಗುವುದು ಈ ಸಂಗತಿಯಲ್ಲಿ.

1852ರಲ್ಲಿ ಅವನ ಮಹಾಗ್ರಂಥದ ಮೊದಲ ಸಂಪುಟ ಬಂತು, ಅದು ಟ್ರೈಲೋಬೈಟ್‌ಗಳದ್ದೇ. 1883ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ 22 ಸಂಪುಟಗಳಾಗಿದ್ದವು, ಎಲ್ಲ ಬಗೆಯ ಜೀವಿಗಳೂ ಸೇರಿ 3,500ಕ್ಕೂ ಹೆಚ್ಚು ಪ್ರಭೇದಗಳು. ಸಂಗ್ರಹವನ್ನೆಲ್ಲ ಪ್ರಾಗ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಬಿಟ್ಟುಕೊಟ್ಟ. ಪ್ರಾಗ್‌ನ ಬಾರಾಂಡೊವ್ ಬಡಾವಣೆಗೆ ಅವನದೇ ಹೆಸರು.

ಸಂಖ್ಯೆಗಿಂತ ಅವನು ನೋಡಿದ ರೀತಿ ಮುಖ್ಯ. ಅವನ ಗ್ರಂಥಕ್ಕೆ ಐದು ವರ್ಷ ಮೊದಲು, 1847ರಲ್ಲಿ, ಹಾವ್ಲೆ ಮತ್ತು ಕೊರ್ಡಾ ಎಂಬಿಬ್ಬರು ಅದೇ ಬೊಹೀಮಿಯಾದ ಟ್ರೈಲೋಬೈಟ್‌ಗಳ ಪುಸ್ತಕ ತಂದಿದ್ದರು. ಖಂಡಗಳ ಸಂಖ್ಯೆ ಬೇರೆಯಾದರೆ ಬೇರೆ ಜಾತಿ ಎಂಬ ಲೆಕ್ಕದಲ್ಲಿ ಅವರು ಧಾರಾಳವಾಗಿ ಹೆಸರುಗಳನ್ನು ಇಟ್ಟರು. ಬಾರಾಂಡ್ ಸ್ಕ್ರಿಯೆ ಎಂಬ ಊರಿನ ಬಳಿಯ ಕೇಂಬ್ರಿಯನ್ ಕಾಲದ ಪದರದಿಂದ ಸಾವೊ ಹಿರ್ಸುಟಾ ಎಂಬ ಪ್ರಾಣಿಯ ಚಿಕ್ಕ, ದೊಡ್ಡ ಮಾದರಿಗಳನ್ನೆಲ್ಲ ಕೂಡಿಹಾಕಿ ಗಾತ್ರದ ಕ್ರಮದಲ್ಲಿ ಜೋಡಿಸಿದ. ಒಂದು ಚುಕ್ಕೆಯಷ್ಟಿರುವ ದುಂಡನೆಯ ಮರಿ. ಸ್ವಲ್ಪ ದೊಡ್ಡದರಲ್ಲಿ ತಲೆಗೂ ಬಾಲಕ್ಕೂ ನಡುವೆ ಒಂದು ಖಂಡ. ಮುಂದಿನದರಲ್ಲಿ ಎರಡು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ದೊಡ್ಡ ಪ್ರಾಣಿಯವರೆಗೆ. ಬೇರೆ ಬೇರೆ ಹೆಸರು ಹೊತ್ತಿದ್ದ ಅನೇಕ ‘ಜಾತಿ’ಗಳು ಒಂದೇ ಮಗುವಿನ ಬೇರೆ ಬೇರೆ ವಯಸ್ಸಿನ ಫೋಟೊಗಳಿದ್ದಂತೆ ಎಂದು ಅದರಿಂದ ತಿಳಿಯಿತು. ಅಳಿದುಹೋದ ಪ್ರಾಣಿಯೊಂದರ ಬಾಲ್ಯದಿಂದ ಪ್ರಾಯದವರೆಗಿನ ಬದುಕನ್ನು ಕಲ್ಲಿನಿಂದ ಓದಿ ತೆಗೆದ ಆ ಕೆಲಸ ಈಗಲೂ ನಮ್ಮ ಪಾಠಗಳಲ್ಲಿದೆ.

ಹಾಗಾದರೆ ಬೆಳೆದ ಪ್ರಾಣಿಯಲ್ಲಿ ಖಂಡಗಳ ಸಂಖ್ಯೆ ನಂಬಬಹುದಾದದ್ದೇ? ಹೆಚ್ಚಿನ ಟ್ರೈಲೋಬೈಟ್‌ಗಳಲ್ಲಿ ಹೌದು. ಪುಸ್ತಕದ 13ನ್ನು ನಾನು ನಂಬಿದ್ದಕ್ಕೆ ಆಧಾರ ಅದೇ. ಆದರೆ ಬಾರಾಂಡ್‌ನೇ ವರ್ಣಿಸಿದ ಆಲಕೊಪ್ಲೂರಾ ಕೊನಿಂಕೈ ಎಂಬ ಸೈಲೂರಿಯನ್ ಕಾಲದ ಪ್ರಾಣಿ ಈ ನಿಯಮ ಮೀರುತ್ತದೆ. ಲೊಡೆನಿತ್ಸೆ ಊರಿನ ಬಳಿಯ ಒಂದು ಗುಡ್ಡದಲ್ಲಿ ಅದು ರಾಶಿ ರಾಶಿ ಸಿಗುತ್ತದೆ, ಇಡಿ ಇಡಿಯಾಗಿ. ಬೆಳೆದವುಗಳಲ್ಲೇ ಕೆಲವಕ್ಕೆ 18 ಖಂಡ, ಕೆಲವಕ್ಕೆ 19, 20, 21, ಕೆಲವಕ್ಕೆ 22. ಸಂಖ್ಯೆ ಒಂದರಂತಿಲ್ಲ ಎಂದು ಬಾರಾಂಡ್ ಗಮನಿಸಿ ಬರೆದಿಟ್ಟ. ನೂರಕ್ಕೂ ಹೆಚ್ಚು ವರ್ಷಗಳ ನಂತರ ನೈಜಲ್ ಹ್ಯೂಸ್ ಮತ್ತು ಅವರ ಜೊತೆಗಾರರು ನೂರಾರು ಮಾದರಿಗಳನ್ನು ಅಳೆದು, ಇವೆಲ್ಲ ಒಂದೇ ಪ್ರಭೇದ, ಆ ಪ್ರಭೇದದ ಒಳಗೇ ಈ ವ್ಯತ್ಯಾಸ ಇದೆ ಎಂದು ಎತ್ತಿ ತೋರಿಸಿದರು. ಮನೆಮಂದಿಯಲ್ಲಿ ಎತ್ತರ ಗಿಡ್ಡ ಇರುವ ಹಾಗೆ. ಇಂಥ ಕಡೆ ಎರಡೇ ಮಾದರಿ ಕೈಗೆ ಸಿಕ್ಕಿದ್ದರೆ, ಒಂದರಲ್ಲಿ 18 ಇನ್ನೊಂದರಲ್ಲಿ 22 ಇದ್ದರೆ, ನಮ್ಮಲ್ಲಿ ಯಾರೇ ಆದರೂ ಎರಡು ಹೆಸರು ಇಟ್ಟುಬಿಡುತ್ತಿದ್ದೆವು. ಎಷ್ಟು ಮಾದರಿ ನೋಡಿ ಈ ಮಾತು ಬರೆಯುತ್ತಿದ್ದೇನೆ ಎಂಬುದನ್ನು ವರ್ಣನೆಯ ಮೊದಲಲ್ಲೇ ಹೇಳುವುದು ಅದಕ್ಕೇ.

ವರ್ಣನೆ ಬರೆಯುವ ಕ್ರಮವೂ ಒಂದು ಶಿಸ್ತು. ಮುಂದಿನಿಂದ ಹಿಂದಕ್ಕೆ, ನಡುವಿನಿಂದ ಅಂಚಿಗೆ. ತಲೆಯ ನಡುವಿನ ಉಬ್ಬನ್ನು ಗ್ಲ್ಯಾಬೆಲಾ ಎನ್ನುತ್ತೇವೆ. ಅದರ ಪಕ್ಕದ ಗೀರುಗಳನ್ನು ಮಾತ್ರ ಹಿಂದಿನಿಂದ ಮುಂದಕ್ಕೆ ಎಣಿಸುತ್ತಾರೆ, ಏಕೆಂದರೆ ಹಿಂದಿನ ಗೀರುಗಳು ಸಾಮಾನ್ಯವಾಗಿ ಹೆಚ್ಚು ಸ್ಪಷ್ಟ, ಮುಂದಿನವು ಮಸುಕಾಗಿ ಮರೆಯಾಗಬಹುದು. ಎಣಿಕೆ ಗಟ್ಟಿಯಾದ ಕಡೆಯಿಂದ ಶುರುವಾಗಬೇಕಲ್ಲವೇ. ಡಡ್ಲಿಯ ಕ್ಯಾಲಿಮಿನಿಯ ತಲೆಯನ್ನು ಕನ್ನಡದಲ್ಲಿ ನಾನು ಹೀಗೆ ಬರೆಯುತ್ತೇನೆ: ‘ಗ್ಲ್ಯಾಬೆಲಾ ಗಂಟೆಯ ಆಕಾರ, ಹಿಂದೆ ಅಗಲ, ಮುಂದಕ್ಕೆ ಕಿರಿದು. ಪಕ್ಕದಲ್ಲಿ ಮೂರು ಜೊತೆ ಗುಬ್ಬಿಗಳು. ಹಿಂದಿನ ಜೊತೆ ಎಲ್ಲಕ್ಕಿಂತ ದೊಡ್ಡದು, ದುಂಡು. ಮುಂದಿನದು ತೀರಾ ಚಿಕ್ಕದು. ಗೀರುಗಳು ಆಳ. ಮುಂದಿನ ಅಂಚು ಮೇಲಕ್ಕೆ ಮಡಿಚಿದೆ. ಕಣ್ಣು ಚಿಕ್ಕದು. ಮೈಯೆಲ್ಲ ನುಣ್ಣನೆಯ ರವೆಯಂಥ ಹರಳು.’ ಈ ಮಾತುಗಳಲ್ಲಿ ಒಂದನ್ನೂ ನಾನು ಹೊಸದಾಗಿ ಟಂಕಿಸಲಿಲ್ಲ. ಗುಬ್ಬಿ, ಗೀರು, ಏಣು, ಅಂಚು, ಮಡಿಕೆ, ರವೆ: ಎಲ್ಲವೂ ಅಕ್ಕಸಾಲಿಯ ಅಂಗಡಿಯಲ್ಲೂ ಬಡಗಿಯ ಜಗಲಿಯಲ್ಲೂ ಅಡುಗೆಮನೆಯಲ್ಲೂ ಇದ್ದವೇ. ಕನ್ನಡದಲ್ಲಿ ವಿಜ್ಞಾನ ಬರೆಯಲು ಪದಗಳಿಲ್ಲ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ವಸ್ತುವನ್ನು ಎದುರಿಗಿಟ್ಟುಕೊಂಡು ನೋಡುತ್ತ ಬರೆದರೆ ಪದ ತಾನಾಗಿ ಬರುತ್ತದೆ. ವಸ್ತುವನ್ನು ಬಿಟ್ಟು ನಿಘಂಟು ಹಿಡಿದಾಗ ಕಷ್ಟ ಶುರುವಾಗುತ್ತದೆ.

ಹೆಸರಿನ ನಿಯಮಗಳನ್ನು ಬೇಗ ಮುಗಿಸುತ್ತೇನೆ. ಪ್ರಾಣಿಗಳ ಹೆಸರಿನ ಲೆಕ್ಕ 1758ರಿಂದ, ಲಿನೇಯಸ್‌ನ ಗ್ರಂಥದ ಹತ್ತನೆಯ ಆವೃತ್ತಿಯಿಂದ. ಒಮ್ಮೆ ಇಟ್ಟ ಜಾತಿಯ ಹೆಸರನ್ನು ಬೇರೆ ಯಾವ ಪ್ರಾಣಿಗೂ ಮತ್ತೆ ಇಡುವಂತಿಲ್ಲ. 1899ರಲ್ಲಿ ಕಾರ್ಲ್ ರೆಡ್ಲಿಖ್, ಈಗ ಪಾಕಿಸ್ತಾನದಲ್ಲಿರುವ ಸಾಲ್ಟ್ ರೇಂಜ್ ಬೆಟ್ಟಗಳ ಒಂದು ಟ್ರೈಲೋಬೈಟನ್ನು ವರ್ಣಿಸಿ, ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ಫ್ರಿಟ್ಜ್ ನೋಟ್ಲಿಂಗ್‌ನ ಹೆಸರು ಸೇರಿಸಿ ಹೋಫೆರಿಯಾ ನೋಟ್ಲಿಂಗೈ ಎಂದು ಕರೆದ. ಹೋಫೆರಿಯಾ ಎಂಬ ಹೆಸರು ಅಷ್ಟು ಹೊತ್ತಿಗೆ ಒಂದು ಕಪ್ಪೆಚಿಪ್ಪಿಗೆ ಹೋಗಿಬಿಟ್ಟಿತ್ತು. 1902ರಲ್ಲಿ ಕೊಸ್‌ಮನ್ ಅದನ್ನು ಬದಲಿಸಿ ರೆಡ್ಲಿಖಿಯಾ ಎಂದ. ಇವತ್ತು ಕೇಂಬ್ರಿಯನ್ ಕಾಲದ ಬಗ್ಗೆ ಎಲ್ಲಿ ಮಾತಾಡಿದರೂ ಆ ಹೆಸರು ಬರುತ್ತದೆ.

ಹೆಸರಿಗೆ ಆಧಾರವಾಗಿ ಒಂದೇ ಒಂದು ಮಾದರಿ ಇರಬೇಕು. ಅದನ್ನು ಹೋಲೋಟೈಪ್ ಎನ್ನುತ್ತೇವೆ. 1999ರ ನಂತರ ಪ್ರಕಟವಾಗುವ ಹೊಸ ಪ್ರಭೇದಕ್ಕೆ ಆಧಾರಮಾದರಿಯನ್ನು ಸ್ಪಷ್ಟವಾಗಿ ಗೊತ್ತುಪಡಿಸಿ, ಅದನ್ನು ಯಾವ ಸಂಗ್ರಹದಲ್ಲಿ ಇಡಲಾಗಿದೆ ಎಂದೂ ಹೇಳುವುದು ಕಡ್ಡಾಯ. ಮುಂದೆ ಸಂಶಯ ಬಂದರೆ ನಿಮ್ಮ ಮಾತನ್ನು ಬಿಟ್ಟು ಆ ಕಲ್ಲನ್ನೇ ಕೇಳುತ್ತಾರೆ. ಸುಣ್ಣಕಲ್ಲಿನ ಬಿಡಿ ತುಂಡುಗಳಲ್ಲಿ ಹೋಲೋಟೈಪ್ ಆಗಿ ಸಾಮಾನ್ಯವಾಗಿ ತಲೆಯ ನಡುಭಾಗವನ್ನು ಆರಿಸುತ್ತಾರೆ, ಗುರುತಿನ ಲಕ್ಷಣಗಳು ಅಲ್ಲಿ ಹೆಚ್ಚು. ಬಾಲವನ್ನು ತಪ್ಪಾಗಿ ಜೋಡಿಸಿದ್ದರೂ ಹೆಸರು ಆಗ ತಲೆಯೊಂದಿಗೆ ಉಳಿಯುತ್ತದೆ.

ಖಚಿತವಿಲ್ಲದಾಗ ಬರೆಯಲು ನಮ್ಮ ಶಾಸ್ತ್ರದಲ್ಲಿ ಒಪ್ಪಿತವಾದ ಚಿಹ್ನೆಗಳಿವೆ. ಪ್ರಭೇದದ ಹೆಸರಿನ ಮುಂದೆ ಸಿಎಫ್ ಎಂದು ಹಾಕಿದರೆ ‘ಹೋಲಿಸಿ ನೋಡಿ, ಅದೇ ಇರಬಹುದು’ ಎಂದರ್ಥ. ಎಎಫ್ಎಫ್ ಎಂದರೆ ‘ಹತ್ತಿರದ್ದು, ಆದರೆ ಅದಲ್ಲ’. ಪ್ರಶ್ನಾರ್ಥಕ ಚಿಹ್ನೆಯೂ ನಡೆಯುತ್ತದೆ. ತುಂಡು ತೀರಾ ಹಾಳಾಗಿದ್ದರೆ ‘ಪ್ರಭೇದ ಹೇಳಲಾಗದು’ ಎಂದು ಬರೆದು ಮುಂದೆ ಹೋಗಬಹುದು. ಪ್ರಬಂಧ ಪರಿಶೀಲಿಸುವಾಗ ನಾನು ಮೊದಲು ಹುಡುಕುವುದು ಇವನ್ನೇ. ಒಂದೂ ಸಿಎಫ್ ಇಲ್ಲದ ಪಟ್ಟಿ ಕಂಡರೆ ನನಗೆ ಗಾಬರಿಯಾಗುತ್ತದೆ, ಹರಕು ತುಂಡುಗಳಿಂದ ತುಂಬಿದ ಸುಣ್ಣಕಲ್ಲು ಅಷ್ಟು ಸುಲಭವಾಗಿ ಮಾತು ಕೊಡುವುದಿಲ್ಲ. ಹೊಸ ಹೆಸರಿಗೆ ಸಿಗುವ ಮನ್ನಣೆ ಸಿಎಫ್‌ಗೆ ಸಿಗುವುದಿಲ್ಲ ಎಂಬುದು ನಿಜ. ಅದು ನಮ್ಮ ಮನ್ನಣೆಯ ಪದ್ಧತಿಯಲ್ಲಿರುವ ಕೊರತೆ, ತಿದ್ದಬೇಕಾದದ್ದು.

ಇಷ್ಟು ಸೂಕ್ಷ್ಮವಾಗಿ ಪ್ರಭೇದ ಗುರುತಿಸಿ ಆಗಬೇಕಾದದ್ದೇನು ಎಂದು ಕೇಳುವವರಿದ್ದಾರೆ. ಕಾಲದ ಗಡಿಗಳನ್ನು ಗುರುತಿಸುವುದು ಪ್ರಭೇದಗಳಿಂದಲೇ. ಬಾರಾಂಡ್‌ನ ನಾಡಿನಲ್ಲೇ ಕ್ಲೊಂಕ್ ಎಂಬ ದಿಬ್ಬವಿದೆ, ಸುಣ್ಣಕಲ್ಲೂ ಜೇಡಿಯೂ ಪದರ ಬಿಟ್ಟು ಪದರ ಬರುವ ಜಾಗ. ಸೈಲೂರಿಯನ್ ಕಾಲ ಮುಗಿದು ಡೆವೋನಿಯನ್ ಶುರುವಾಗುವ ಜಗತ್ತಿನ ಅಧಿಕೃತ ಗಡಿಯನ್ನು 1972ರಲ್ಲಿ ಅಲ್ಲಿ ಗೊತ್ತುಮಾಡಿದರು. ಇಂಥ ಗಡಿಗಳಲ್ಲಿ ಮೊಟ್ಟಮೊದಲನೆಯದು ಅದು. ಗಡಿಯ ಮುಖ್ಯ ಗುರುತು ಗ್ರಾಪ್ಟೊಲೈಟ್ ಎಂಬ ಬೇರೆ ಜೀವಿ. ಅದು ಸಿಗದ ಸುಣ್ಣಕಲ್ಲಿನಲ್ಲಿ ವಾರ್ಬರ್ಗೆಲ್ಲ ರುಗುಲೋಸಾ ಎಂಬ ಪುಟ್ಟ ಟ್ರೈಲೋಬೈಟ್ ನೆರವಿಗೆ ಬರುತ್ತದೆ.

ಕೊನೆಗೆ ನಮ್ಮ ಹಿಮಾಲಯ. ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ಹೆನ್ರಿ ಹೇಡನ್, ಹಿಮಾಚಲದ ಸ್ಪಿತಿಯ ಭೂವಿಜ್ಞಾನದ ವರದಿಯನ್ನು 1904ರಲ್ಲಿ ಪ್ರಕಟಿಸಿದ. ಅಲ್ಲಿನ ಪರಾಹಿಯೊ ಕಣಿವೆಯಲ್ಲಿ ಅವನು ಸಂಗ್ರಹಿಸಿದ ಕೇಂಬ್ರಿಯನ್ ಪಳೆಯುಳಿಕೆಗಳನ್ನು ಕೇಂಬ್ರಿಡ್ಜ್‌ನ ಕೌಪರ್ ರೀಡ್ 1910ರಲ್ಲಿ ವರ್ಣಿಸಿದ. ಆ ಮಾದರಿಗಳು ಬಹಳ ನೊಂದವು. ಹಿಮಾಲಯ ಎದ್ದಾಗಿನ ಒತ್ತಡದಲ್ಲಿ ಕೆಲವು ತಲೆಗಳು ಉದ್ದಕ್ಕೆ ಎಳೆದುಕೊಂಡಿವೆ, ಕೆಲವು ಅಡ್ಡಕ್ಕೆ, ಕೆಲವು ಓರೆಯಾಗಿ ಜಾರಿವೆ. ಉದ್ದ ಅಗಲದ ಅನುಪಾತ ನೋಡಿ ಪ್ರಭೇದ ಬೇರೆ ಮಾಡಿದರೆ, ಬೇರೆ ಮಾಡಿದ್ದು ಪ್ರಾಣಿಯೋ ಪರ್ವತವೋ ಎಂಬ ಪ್ರಶ್ನೆ ಏಳುತ್ತದೆ. 1997ರಲ್ಲಿ ಪೀಟರ್ ಜೆಲ್ ಮತ್ತು ನೈಜಲ್ ಹ್ಯೂಸ್, ಕೋಲ್ಕತ್ತದ ಸಂಗ್ರಹದಲ್ಲಿರುವ ಹಳೆಯ ಮಾದರಿಗಳನ್ನು ಹೊರತೆಗೆದು ಮತ್ತೆ ನೋಡಿ, ಫೋಟೊ ಹಿಡಿದು, ಅನೇಕ ಹೆಸರುಗಳನ್ನು ಪರಿಷ್ಕರಿಸಿದರು. 2009ರಲ್ಲಿ ಪೆಂಗ್ ಶಾಂಚಿ, ಹ್ಯೂಸ್ ಮೊದಲಾದವರು ಪರಾಹಿಯೊ ಮತ್ತು ಜಂಸ್ಕಾರ್ ಕಣಿವೆಗಳಿಂದ ಪದರಕ್ಕೆ ಪದರ ಅಳತೆ ಬರೆದುಕೊಂಡು ತಂದ ಹೊಸ ಸಂಗ್ರಹವನ್ನು ವರ್ಣಿಸಿದರು. ಮರಳುಗಲ್ಲು, ಜೇಡಿಗಳ ನಡುವೆ ಅಲ್ಲಲ್ಲಿ ತೆಳ್ಳಗೆ ಸುಣ್ಣಕಲ್ಲಿನ ಪದರಗಳೂ ಅಲ್ಲಿವೆ.

ರೀಡ್ ಅಂದು ಹೆಸರಿಟ್ಟವುಗಳಲ್ಲಿ ಇಂಡಿಕಸ್ ಎಂಬ ಒಂದು ಚಿಕ್ಕ ಪ್ರಭೇದವಿತ್ತು. ಜಾತಿಯ ವಿಷಯದಲ್ಲಿ ಅವನ ಊಹೆ ನಿಲ್ಲಲಿಲ್ಲ. ಮುಂದಿನವರು ಅದನ್ನು ಓರಿಕ್ಟೊಸೆಫಾಲಸ್ ಜಾತಿಗೆ ವರ್ಗಾಯಿಸಿದರು. ಹಾಗೆ ವರ್ಗಾವಣೆಯಾದಾಗ ಮೂಲ ಲೇಖಕನ ಹೆಸರನ್ನು ಕಂಸದೊಳಗೆ ಬರೆಯುವುದು ನಿಯಮ. ಅದೇ ಪ್ರಭೇದ ಚೀನಾದ ಗುಯಿಝೌ ಪ್ರಾಂತದಲ್ಲೂ ಸಿಕ್ಕಿತು. 2018ರಲ್ಲಿ ಕೇಂಬ್ರಿಯನ್ ಕಾಲದ ಒಳಗಿನ ಒಂದು ಗಡಿಯನ್ನು, ಮಿಯಾವೊಲಿಂಗಿಯನ್ ಶ್ರೇಣಿಯ ತಳವನ್ನು, ಜಗತ್ತಿಗೆಲ್ಲ ಅನ್ವಯಿಸುವಂತೆ ಅಲ್ಲಿನ ಬೆಟ್ಟದಲ್ಲಿ ಗೊತ್ತುಮಾಡಿದರು. ಆ ಪ್ರಭೇದ ಮೊದಲ ಸಲ ಕಾಣಿಸಿಕೊಳ್ಳುವ ಪದರವೇ ಆ ಗಡಿ. ಅಂತಾರಾಷ್ಟ್ರೀಯ ಕಾಲಪಟ್ಟಿಯ ವಿವರಣೆಯಲ್ಲಿ ಹೆಸರು ಹೀಗಿದೆ: ಓರಿಕ್ಟೊಸೆಫಾಲಸ್ ಇಂಡಿಕಸ್ (ರೀಡ್, 1910).